ವಿಕಾಸನ ಸೆಕೆಂಡ್ ಟ್ರಂಪೆಟ್

ಡಿಸೆಂಬರ್ 3, ಮಂಗಳವಾರ

ಮೇಲಿನ ಎದುರು ಹಲ್ಲು ಅಲುಗಾಡುತ್ತಿದೆ. ಬೆಳಿಗ್ಗೆ ನಾಲಿಗೆಯಿಂದ ತಳ್ಳಿ ನೋಡಿದೆ, ಮಧ್ಯಾಹ್ನ ನೋಡಿದೆ, ಸಂಜೆ ಕನ್ನಡಿ ಹಿಡಿದು ನೋಡಿದೆ. ಮೂರು ಸಲವೂ ಅಲುಗಾಡಿತು. ಹೆಂಡತಿ ಬರ್ತಾಳಿಗೆ ಹೇಳಲಿಲ್ಲ. ಹೇಳಿದರೆ ನಾಳೆಯೇ ನನ್ನನ್ನು ಮಣಿಪಾಲದ ಬಸ್ಸು ಹತ್ತಿಸುತ್ತಾಳೆ, ಅಲ್ಲಿ ಹಲ್ಲಿನ ಡಾಕ್ಟರು ಅದನ್ನು ಕೀಳುತ್ತಾರೆ. ಹಲ್ಲು ಕೀಳಿಸಿಕೊಂಡವನು ಅನ್ನ ಉಣ್ಣಬಹುದು, ಕೋಟು ಹೊಲಿಯಬಹುದು, ಟ್ರಂಪೆಟ್ ಊದಲಾಗದು. ತುಟಿಗೆ ಹಿಂದಿನಿಂದ ಆಸರೆ ಕೊಡುವುದು ಆ ಹಲ್ಲೇ.

ಇಂಥ ದಿನವೇ ಪಂಚಾಯತ್ ಸದಸ್ಯೆ ಯಶ್ಮಿತಾ ನನ್ನ ಹೊಲಿಗೆ ಅಂಗಡಿಗೆ ಬರಬೇಕೇ.

"ವ್ಯಾಲೆಂಟೈನ್ ಮಾಸ್ಟ್ರೇ, ಚರ್ಚ್ ತಿರುವಿನ ಬಸ್ ತಂಗುದಾಣಕ್ಕೆ ವಿಕಾಸನ ಹೆಸರಿಡುವುದು ಅಂತ ಆಯಿತು. ಜನವರಿ ಹತ್ತೊಂಬತ್ತಕ್ಕೆ. ಬ್ಯಾಂಡ್ ನಿಮ್ಮದೇ ಬೇಕು. ಅವನು ನಿಮ್ಮವನಲ್ವಾ?"

ನಮ್ಮವನೇ. ಆರು ವರ್ಷ ನನ್ನ ಎಡಮೊಣಕೈ ಪಕ್ಕ ನಿಂತು ಸೆಕೆಂಡ್ ಟ್ರಂಪೆಟ್ ಊದಿ, ಆಮೇಲೆ ಸೈನ್ಯಕ್ಕೆ ಹೋದವನು. ರಜೆಗೆ ಬಂದರೆ ಮನೆಯಲ್ಲಿ ಚೀಲ ಇಟ್ಟು ನೇರ ರಿಹರ್ಸಲಿಗೆ ಬರುತ್ತಿದ್ದ. ಕಳೆದ ಜನವರಿಯಲ್ಲಿ ಉತ್ತರದ ಬೆಟ್ಟದಲ್ಲಿ ಕಾವಲಿಗಿದ್ದಾಗ ಹಿಮ ಕುಸಿದು ತೀರಿಕೊಂಡ. ಇಪ್ಪತ್ತಾರು ವರ್ಷ.

ದೇಹ ಮರುದಿನ ಬರುತ್ತದೆ ಎಂದು ನಮಗೆಲ್ಲ ಸುದ್ದಿ. ಬಂದದ್ದು ಒಂದು ದಿನ ಮೊದಲೇ. ಮಂಗಳೂರು ವಿಮಾನ ನಿಲ್ದಾಣದಿಂದ ನಮ್ಮ ಊರು ಕಾಪುವಿಗೆ ಬರುವ ಗಾಡಿ ಪಡುಬಿದ್ರಿ ದಾಟಲೇಬೇಕು. ಆ ಹೊತ್ತು ನಾವು ಪಡುಬಿದ್ರಿಯಲ್ಲಿ, ಹೆದ್ದಾರಿ ಬದಿಯ ಒಂದು ಮದುವೆ ಹಾಲ್ ಎದುರು ನಿಂತು, ಮದುಮಗಳನ್ನು ಇಳಿಸಿಕೊಳ್ಳಲು ಕುಣಿಯುವ ಹಾಡು ಊದುತ್ತಿದ್ದೆವು. ಹೂವಿನ ಆಂಬುಲೆನ್ಸ್ ಹಾದುಹೋಯಿತು. ಯಾರೋ ದೊಡ್ಡವರಿರಬೇಕು ಎಂದುಕೊಂಡು ನಾನು ಇನ್ನೂ ಜೋರಾಗಿ ಊದಿದೆ.

ಇದನ್ನು ಯಾರಿಗೂ ಹೇಳಿಲ್ಲ. ಬ್ಯಾಂಡಿನ ಹದಿನಾರು ಮಂದಿಗೂ ಗೊತ್ತು, ಹದಿನಾರು ಮಂದಿಯೂ ಹೇಳಿಲ್ಲ. ಯಶ್ಮಿತಾಳಿಗೆ ಆಗಲಿ ಎಂದೆ. ಈ ಸಲ ಅವನಿಗೆಂದೇ ಊದಬೇಕು, ಒಂದು ಸ್ವರ ಆಚೀಚೆ ಆಗಬಾರದು. ಅಲ್ಲಿಯವರೆಗೆ ಈ ಹಲ್ಲು ನಿಲ್ಲಬೇಕು.

ಡಿಸೆಂಬರ್ 8, ಭಾನುವಾರ

ಕ್ರಿಸ್ಮಸ್‌ಗೆ ಮೊದಲಿನ ನಾಲ್ಕು ವಾರ ನಮ್ಮಲ್ಲಿ ಮದುವೆ ಇಲ್ಲ. ವರ್ಷದಲ್ಲಿ ಬ್ಯಾಂಡಿನವರಿಗೆ ಉಸಿರು ಬಿಡಲು ಸಿಗುವುದು ಇದು, ಮತ್ತೆ ಈಸ್ಟರಿಗೆ ಮೊದಲಿನ ಉಪವಾಸದ ದಿನಗಳು, ಅಷ್ಟೇ. ಆದ್ದರಿಂದ ರಿಹರ್ಸಲಿಗೆ ಎಲ್ಲರೂ ಬಂದಿದ್ದರು, ಹಳೇ ಶಾಲೆಯ ಕೋಣೆ ತುಂಬಿತ್ತು. ವಿಕಾಸನ ಕುರ್ಚಿ ಮಾತ್ರ ಖಾಲಿ, ಅದರ ಮೇಲೆ ಅವನ ಟ್ರಂಪೆಟ್ ಬೋರಲು. ಬ್ಯಾಂಡಿನಲ್ಲಿ ಯಾರು ಸತ್ತರೂ ಅವರ ಕುರ್ಚಿಯಲ್ಲಿ ಒಂದು ವರ್ಷ ಯಾರೂ ಕೂರಬಾರದು. ನಮ್ಮೆಲ್ಲರ ಗುರು ಪಾಸ್ಕು ಮಾಸ್ತರರು ಹಾಕಿದ ಕಟ್ಟಳೆ ಅದು.

ಯಾವುದು ಊದುವುದು ಎಂಬುದರಲ್ಲಿ ಚರ್ಚೆಯೇ ಇಲ್ಲ, ಪಾಸ್ಕು ಮಾಸ್ತರರೇ ಕಟ್ಟಿದ ಮಾರ್ಚ್. ಚರ್ಚಿನ ಹಬ್ಬದ ಮುನ್ನಾದಿನದ ಮೆರವಣಿಗೆಗೆ ನಲವತ್ತು ವರ್ಷದಿಂದ ಅದೇ. ಫಸ್ಟ್ ಟ್ರಂಪೆಟ್, ಅಂದರೆ ಮೇಲಿನ ಮುಖ್ಯ ರಾಗ, ನನ್ನದು. ಅದರ ಕೆಳಗೆ ನಡೆಯುವ ಸೆಕೆಂಡ್ ಖಾಲಿ ಬಿಡುವುದು, ಅದೇ ಮರ್ಯಾದೆ ಎಂದೆ. ದೊಡ್ಡ ಡ್ರಮ್ಮಿನ ಲಿಯೋನೆಲ್ ಒಪ್ಪಿ ತಲೆಯಾಡಿಸಿದ. ನನಗಿಂತ ಆರು ವರ್ಷ ದೊಡ್ಡವನು, ಒಪ್ಪುವುದು ಅಪರೂಪ.

ಚೆನ್ನಾಗಿ ಬಂತು. ನನ್ನ ಮೇಲಿನ ಸ್ವರಗಳು ಕೋಣೆಯ ಹೆಂಚಿಗೆ ತಾಗಿ ಬಂದವು. ಹಿಂದಿನ ಸಾಲಿನ ಶರೋನ್ ಕಣ್ಣು ಮುಚ್ಚಿ ಕೇಳುತ್ತಿದ್ದಳು. ನಿಟ್ಟೆ ಕಾಲೇಜಿನ ಲ್ಯಾಬಿನಲ್ಲಿ ಕೆಲಸ, ಎಂಟು ವರ್ಷದಿಂದ ಥರ್ಡ್ ಟ್ರಂಪೆಟ್. ಕಲಿಯಲಿ.

ಡಿಸೆಂಬರ್ 11, ಬುಧವಾರ

ವಿಕಾಸನ ಮನೆಗೆ ಹೋಗಿ ಕರೆದು ಬಂದೆ. ಅಪ್ಪ ಅಣ್ಣು ಪೂಜಾರಿ, ಉಡುಪಿ–ಕಾರ್ಕಳ ರೂಟಿನಲ್ಲಿ ಬಸ್ ಡ್ರೈವರ್. ಹಿರಿಯಡ್ಕದ ತಿರುವಿನಲ್ಲೂ ವೇಗ ತಗ್ಗಿಸದವನು ಎಂದು ಹೆಸರಿತ್ತು. ಈಗ ಮಾತಿಗೇ ವೇಗ ಇಲ್ಲ. ತಾಯಿ ಮನೋರಮಕ್ಕ ಜಗಲಿಯಲ್ಲಿ ಗೆರಸೆ ತೊಡೆಯ ಮೇಲಿಟ್ಟು ಬೀಡಿ ಸುತ್ತುತ್ತಿದ್ದರು. ನನ್ನನ್ನು ನೋಡಿಯೂ ಕೈ ನಿಲ್ಲಲಿಲ್ಲ, ಅದು ಅವರ ಸ್ವಭಾವ.

"ಯಾವ ಪದ್ಯ ಊದುವುದು, ಪೊರ್ಬುಗಳೇ?" ಎಂದು ಕೇಳಿದರು. ನಮ್ಮ ಕ್ರಿಶ್ಚಿಯನ್ ಜನರನ್ನು ಅವರು ಗೌರವದಿಂದ ಕರೆಯುವುದು ಹಾಗೆ.

ನಾನು ಮಾರ್ಚಿನ ಮೊದಲ ಎರಡು ಸಾಲು ಗುನುಗಿದೆ.

"ಅದಲ್ಲ. ವಿಕಾಸ ಊದುತ್ತಿದ್ದದ್ದು ಅದಲ್ಲ."

"ಅದೇ, ಮನೋರಮಕ್ಕ. ನಾವಿಬ್ಬರೂ ಊದಿದ್ದು ಅದನ್ನೇ."

"ನನಗೆ ಗೊತ್ತಿಲ್ಲವಾ? ಆರು ವರ್ಷ ಇದೇ ಜಗಲಿಯಲ್ಲಿ ಕೂತು ಊದಿದ್ದಾನೆ."

ವಾದ ಮಾಡಲಿಲ್ಲ. ಮಗನನ್ನು ಕಳಕೊಂಡವರ ಹತ್ತಿರ ಎಂಥ ವಾದ. ಆದರೆ ದಾರಿಯುದ್ದಕ್ಕೂ ಸಿಟ್ಟು ಬಂತು. ನಲವತ್ತೊಂದು ವರ್ಷ ಊದಿದವನಿಗೆ ಮಾರ್ಚ್ ಯಾವುದೆಂದು ಬೀಡಿ ಸುತ್ತುವವರು ಹೇಳಬೇಕೇ?

ಪಡುಬಿದ್ರಿಯ ವಿಷಯ ಹೇಳಬೇಕೆಂದು ಹೋಗಿದ್ದೆ. ಹೇಳಲಿಲ್ಲ.

ಡಿಸೆಂಬರ್ 15, ಭಾನುವಾರ

ರಿಹರ್ಸಲಿಗೆ ವಿಕಾಸನ ಅಪ್ಪ ಅಮ್ಮ ಬಂದರು. ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತರು. ನಾನು ಜೀವ ಬಿಟ್ಟು ಊದಿದೆ. ಹಲ್ಲು ಒಳಗೇ ಜಿಗಿಯುತ್ತಿತ್ತು.

ಮುಗಿದ ಮೇಲೆ ಮನೋರಮಕ್ಕ ಎದ್ದು ಕೈಮುಗಿದು, "ಚಂದ ಉಂಟು. ಎಲ್ಲರದ್ದೂ ಬಂತು. ಅವನದ್ದು ಬರಲಿಲ್ಲ" ಎಂದು ಹೋದರು.

ನಾನು ಟ್ರಂಪೆಟ್ ಒರೆಸುವ ನೆಪದಲ್ಲಿ ತಲೆ ತಗ್ಗಿಸಿದೆ. ಕಡೆಗೆ ಶರೋನ್, "ಮಾಸ್ಟ್ರೇ, ಅವರಿಗೆ ಗೊತ್ತಿರುವುದು ಸೆಕೆಂಡ್ ಅಲ್ವಾ? ಮನೆಯಲ್ಲಿ ಅವನು ಒಬ್ಬನೇ ಊದಿದ್ದು ಅದನ್ನೇ. ನಿಮ್ಮ ಫಸ್ಟ್ ಅವರಿಗೆ ಯಾಕೆ ಗೊತ್ತಿರುತ್ತದೆ?" ಎಂದಳು.

ಅಷ್ಟು ಸುಲಭದ ಸಂಗತಿ ನನ್ನ ತಲೆಗೆ ಹೊಳೆಯಲಿಲ್ಲವಲ್ಲ. ತಾಯಿಗೆ ಮಾರ್ಚ್ ಎಂದರೆ ಸೆಕೆಂಡ್ ಟ್ರಂಪೆಟ್. ಮಿಕ್ಕದ್ದೆಲ್ಲ ಗದ್ದಲ.

ಡಿಸೆಂಬರ್ 16, ಸೋಮವಾರ

ಪೆಟ್ಟಿಗೆ, ಅಟ್ಟ, ಚರ್ಚಿನ ಕಪಾಟು, ಎಲ್ಲ ಹುಡುಕಿದೆ. ಫಸ್ಟಿನ ದೊ-ರೆ-ಮಿ ಸ್ವರಗಳು ಪುಸ್ತಕದಲ್ಲಿ ಉಂಟು. ಸೆಕೆಂಡ್ ಎಲ್ಲಿಯೂ ಇಲ್ಲ. ಪಾಸ್ಕು ಮಾಸ್ತರರು ಅದನ್ನು ಕಟ್ಟಿದ್ದೇ ಕೊನೆಗಾಲದಲ್ಲಿ, ಬರೆದೇ ಇರಲಿಲ್ಲ, ವಿಕಾಸನನ್ನು ಎದುರು ಕೂರಿಸಿ ಬಾಯಿಯಲ್ಲಿ ಹೇಳಿಕೊಟ್ಟಿದ್ದರು. ಮಾಸ್ತರರು ಹೋಗಿ ಒಂಬತ್ತು ವರ್ಷ. ಈಗ ಅವನೂ ಇಲ್ಲ.

ನಾನೇ ನೆನಪು ಮಾಡಿ ಬರೆಯೋಣ ಎಂದು ಮಧ್ಯಾಹ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಕೂತೆ. ನನ್ನ ಮೊಣಕೈ ಪಕ್ಕದಲ್ಲೇ ಆರು ವರ್ಷ ಕೇಳಿಸಿದ್ದು. ಒಂದು ಸ್ವರ ನೆನಪಾಗಲಿಲ್ಲ. ಒಂದೂ ಇಲ್ಲ. ನಾನು ಆ ಆರು ವರ್ಷ ಕೇಳಿದ್ದು ನನ್ನನ್ನೇ.

ಡಿಸೆಂಬರ್ 19, ಗುರುವಾರ

ಇವತ್ತಿನದ್ದನ್ನು ಹೇಗೆ ಬರೆಯುವುದೋ ತಿಳಿಯುತ್ತಿಲ್ಲ.

ಮನೋರಮಕ್ಕನ ಹತ್ತಿರ ಹೋಗಿ, ಅವನದ್ದನ್ನು ಸ್ವಲ್ಪ ಹಾಡಿ ತೋರಿಸುತ್ತೀರಾ ಎಂದು ಕೇಳಿದೆ. ನಾಲ್ಕು ಸಾಲು ಸಿಕ್ಕರೆ ಮಿಕ್ಕದ್ದನ್ನು ಹೊಂದಿಸಿಕೊಳ್ಳಬಹುದು ಎಂಬ ಆಸೆ.

"ಹಾಡಲು ನನಗೆ ಎಂತ ಬರುತ್ತದೆ ಪೊರ್ಬುಗಳೇ, ಸುಮ್ಮನೆ ಕೂತರೆ ಏನೂ ನೆನಪಾಗುವುದಿಲ್ಲ" ಎಂದು ಗೆರಸೆ ಎಳಕೊಂಡರು. ಎಲೆ ತೆಗೆದರು, ತಂಬಾಕು ಹಾಕಿದರು, ಸುರುಳಿ ಸುತ್ತಿದರು. ನೂಲು ಕಟ್ಟುವ ಹೊತ್ತಿಗೆ ಬಾಯಿಯಿಂದ "ತೂ ತು ತು" ಎಂದು ಹೊರಟಿತು.

ಅರವತ್ತನಾಲ್ಕು ಬಾರು, ಅಂದರೆ ಅರವತ್ತನಾಲ್ಕು ತಾಳದ ಸುತ್ತು. ಮೊದಲಿನಿಂದ ಕೊನೆಯವರೆಗೆ, ಒಂದು ಸ್ವರ ಬಿಡದೆ. ಸೆಕೆಂಡಿಗೆ ಎಷ್ಟೋ ಕಡೆ ಕೆಲಸವಿಲ್ಲ, ಸುಮ್ಮನೆ ನಿಂತು ಲೆಕ್ಕ ಇಡಬೇಕು. ಅಲ್ಲೆಲ್ಲ ಅವರೂ ಸುಮ್ಮನಾದರು. ಬೆರಳು ಮಾತ್ರ ಸುತ್ತುತ್ತಿತ್ತು. ನಾನು ಮನಸ್ಸಿನಲ್ಲೇ ನನ್ನ ಫಸ್ಟ್ ಊದುತ್ತಾ ಕಾಲಿನಲ್ಲಿ ತಾಳ ಹಾಕಿ ಪರೀಕ್ಷೆ ಮಾಡಿದೆ. ನಾಲ್ಕು ಬಾರು ಮೌನ ಇರಬೇಕಾದಲ್ಲಿ ನಾಲ್ಕೇ ಬಾರು, ಒಂದು ಕೂದಲೆಳೆ ಆಚೆ ಇಲ್ಲ. ಸ್ವರದ ಹೆಸರು ಗೊತ್ತಿಲ್ಲದ ಹೆಂಗಸು ಮಗನ ಮೌನವನ್ನೂ ಬಾಯಿಪಾಠ ಮಾಡಿದ್ದರು.

ಒಂದು ಕಡೆ ಮಾತ್ರ ವಿಚಿತ್ರವಾಯಿತು. ಮೂರನೆಯ ಭಾಗ ಶುರುವಾಗಿ ಎರಡನೇ ಬಾರಿನಲ್ಲಿ ಕೆಳಗಿನಿಂದ ಮೇಲಕ್ಕೆ ದೊಡ್ಡ ಜಿಗಿತ. ಅಲ್ಲಿ ಮನೋರಮಕ್ಕ ತೊದಲಿ ನಿಂತರು. ಒಂದು ಉಸಿರು ಎಳೆದರು. ಎರಡು ಬಾರು ಹಿಂದೆ ಹೋಗಿ ಪುನಃ ಹಿಡಿದು ಮುಂದೆ ಹೋದರು.

"ಮರೆತದ್ದಾ?" ಎಂದು ಕೇಳಿದೆ.

"ಮರೆತದ್ದಲ್ಲ. ಅಲ್ಲಿ ಅವನಿಗೆ ತಪ್ಪುತ್ತಿತ್ತು. ಮೊದಲ ಸಲಕ್ಕೆ ಸರಿ ಬಂದದ್ದು ಒಂದು ದಿನವೂ ಇಲ್ಲ. 'ಛೆ' ಅಂತ ಹೇಳಿ ಪುನಃ ಹಿಡಿಯುವುದು." ಹೇಳುತ್ತಾ ಇನ್ನೊಂದು ಎಲೆ ತೆಗೆದರು.

ಆಗ ನನಗೆ ಒಂದು ನೆನಪಾಯಿತು. ಕೊನೆಯ ರಜೆಯಲ್ಲಿ ಅವನು ಅಂಗಡಿಗೆ ಬಂದು, "ಮಾಸ್ಟ್ರೇ, ಆ ಜಾಗ ಒಮ್ಮೆ ತೋರಿಸಿಕೊಡಿ" ಎಂದಿದ್ದ. ಕೋಟಿನ ಕಾಲರು ಕೂರಿಸುತ್ತಿದ್ದೆ. ನಾಳೆ ಬಾ ಎಂದೆ.

ಡಿಸೆಂಬರ್ 22, ಭಾನುವಾರ

ಸೆಕೆಂಡ್ ಬರೆದು ಒಯ್ದೆ. ಆ ತಪ್ಪನ್ನು ಬಿಟ್ಟು ಸರಿಮಾಡಿಯೇ ಬರೆದೆ. ಯಾರಿಗೆ ಕೊಡುವುದು? ತಾಯಿಯ ಬಾಯಿಂದ ಬಂದದ್ದನ್ನು ಕೇಳಿದವನು ನಾನೊಬ್ಬನೇ, ಹೇಗೆ ಊದಬೇಕೆಂದು ಕಾಗದ ಹೇಳುವುದಿಲ್ಲ. ನಾನೇ ಹಿಡಿದೆ. ಫಸ್ಟ್ ಶರೋನಳಿಗೆ ಕೊಟ್ಟೆ. ಇವತ್ತಿನ ಮಟ್ಟಿಗೆ ಎಂದು ಹೇಳಿಯೇ ಕೊಟ್ಟೆ. ಖಾಲಿ ಕುರ್ಚಿಯ ಪಕ್ಕ ನಿಂತೆ, ಕೂರಲಿಲ್ಲ.

ಲಿಯೋನೆಲ್ ಡ್ರಮ್ ಬಾರಿಸಿದ, ಹೊರಟೆವು. ಎಂಟನೇ ಬಾರಿನಲ್ಲಿ ಶರೋನಳ ಸ್ವರದ ಕೆಳಗೆ ನನ್ನದು ಹೋಗಿ ಸೇರಿದಾಗ ನನಗೆ ನಿಜವಾಗಿ ಹೆದರಿಕೆಯಾಯಿತು. ನಲವತ್ತು ವರ್ಷ ಊದಿದ ಮಾರ್ಚನ್ನು ನಾನು ಕೇಳಿಯೇ ಇರಲಿಲ್ಲ. ಒಳ್ಳೇ ಕೋಟಿನ ಒಳಗಿನ ಲೈನಿಂಗ್ ಹಾಗೆ, ಹೊರಗೆ ಯಾರಿಗೂ ಕಾಣದು, ಅದಿಲ್ಲದಿದ್ದರೆ ಕೋಟು ಹೆಗಲ ಮೇಲೆ ನಿಲ್ಲದು. ಮೊದಲಿನ ಭಾಗದಲ್ಲಿ ಬರೀ ಠೇಂಕಾರ ಎಂದುಕೊಂಡಿದ್ದ ಕಡೆ ಅದು ಅಳು ಒಳಗಿಟ್ಟುಕೊಂಡು ನಡೆಯುತ್ತಿತ್ತು. ಪಾಸ್ಕು ಮಾಸ್ತರರೇ, ಇಷ್ಟನ್ನು ಕಟ್ಟಿ ಹದಿನೈದು ವರ್ಷದ ಹುಡುಗನ ಕೈಗೆ ಕೊಟ್ಟು ಹೋದಿರಾ?

ಆ ಜಿಗಿತದಲ್ಲಿ ತಪ್ಪಿದೆ. ಮನಸ್ಸಿನಲ್ಲೇ ಅದನ್ನು ಹಲ್ಲಿನ ತಲೆಗೆ ಕಟ್ಟಿದೆ.

ಡಿಸೆಂಬರ್ 25

ಕ್ರಿಸ್ಮಸ್. ಬರ್ತಾ ಮಾಡಿದ ಚಕ್ಕುಲಿಯನ್ನು ಎದುರಿನಿಂದ ಕಚ್ಚಲಾಗಲಿಲ್ಲ. ಸಿಕ್ಕಿಬಿದ್ದೆ. "ಪಳೆಯಾ, ನೋಡುವ, ಎಷ್ಟು ದಿನದಿಂದ ಇದು?" ಎಂದು ಶುರುಮಾಡಿದಳು. ಜನವರಿ ಇಪ್ಪತ್ತಕ್ಕೆ ಕೀಳಿಸುತ್ತೇನೆಂದು ಯೇಸುವಿನ ಹೆಸರಿನಲ್ಲಿ ಮಾತು ತೆಗೆದುಕೊಂಡಳು.

ಜನವರಿ 5, ಭಾನುವಾರ

ಮದುವೆಗಳು ಪುನಃ ಶುರುವಾಗಿವೆ, ವಾರದಲ್ಲಿ ಮೂರು. ಅವುಗಳ ನಡುವೆ ರಿಹರ್ಸಲ್. ಆ ಜಿಗಿತ ಬರುತ್ತಿಲ್ಲ. ಹಲ್ಲಿನ ದೋಷವೋ ಎಂದು ನಿನ್ನೆ ಶರೋನಳಿಂದಲೂ ಊದಿಸಿ ನೋಡಿದೆ. ಅವಳ ಹಲ್ಲು ಗಟ್ಟಿ ಉಂಟು, ಅವಳಿಗೂ ಮೂರರಲ್ಲಿ ಎರಡು ಸಲ ತಪ್ಪಿತು. ಜಾಗವೇ ಅಷ್ಟು ಕಷ್ಟದ್ದು. ಅವನು ಕೇಳಿದ ದಿನ ತೋರಿಸಲು ಹೊರಟಿದ್ದರೂ ನನಗೇ ಬಾರದೆ ಹೋಗುತ್ತಿತ್ತು.

ಇವತ್ತು ಪುನಃ ಅಲ್ಲಿಯೇ ತಪ್ಪಿದೆ. ಎಲ್ಲರೂ ನಿಂತರು. ಸಿಟ್ಟಿನಲ್ಲಿ "ಛೆ" ಎಂದೆ, ಉಸಿರೆಳೆದೆ, ಎರಡು ಬಾರು ಹಿಂದಿನಿಂದ ಹಿಡಿದೆ.

ಬಾಗಿಲಲ್ಲಿ ಯಾರೋ ದೊಡ್ಡದಾಗಿ ಉಸಿರೆಳೆದದ್ದು ಕೇಳಿತು. ಅಣ್ಣು ಪೂಜಾರಿ. ಆಮಂತ್ರಣ ಪತ್ರಿಕೆ ಕೊಡಲು ಬಂದವನು ಕಟ್ಟು ಕೆಳಗೆ ಬೀಳಿಸಿ ನಿಂತಿದ್ದ, ಖಾಕಿ ಅಂಗಿಯ ತೋಳಿನಲ್ಲಿ ಮುಖ ಒರೆಸುತ್ತಿದ್ದ.

"ಮಾಸ್ಟ್ರೇ, ಅದೇ. ಅದೇ ಅವನು" ಎಂದ.

ರಿಹರ್ಸಲ್ ಮುಗಿಸಿ ಅವನನ್ನು ಹೊರಗೆ ಕರೆದೊಯ್ದೆ. ಇನ್ನು ಇಟ್ಟುಕೊಳ್ಳಲಾಗಲಿಲ್ಲ. ಪಡುಬಿದ್ರಿಯದ್ದನ್ನು ಹೇಳಿಬಿಟ್ಟೆ. ನಿಮ್ಮ ಮಗನ ಗಾಡಿ ಹೋಗುವಾಗ ನಾವು ಕುಣಿಯುವ ಹಾಡು ಊದಿದೆವು, ಅಣ್ಣು ಪೂಜಾರ್ರೇ, ಗೊತ್ತಿರಲಿಲ್ಲ, ಆದರೂ ಊದಿದೆವು ಎಂದೆ.

"ಗೊತ್ತುಂಟು. ಮುಂದಿನ ಸೀಟಿನಲ್ಲಿ ನಾನೇ ಕೂತಿದ್ದೆ" ಎಂದ. ಬಿದ್ದಿದ್ದ ಪತ್ರಿಕೆಗಳ ಧೂಳು ಕೊಡವಿದ. "ನಾನು ಡ್ರೈವರಿಗೆ ಹೇಳಿದೆ, ಸ್ವಲ್ಪ ಸ್ಲೋ ಮಾಡು ಮಾರಾಯ, ಅವನ ಬ್ಯಾಂಡ್ ಅದು, ಕೇಳಲಿ ಅಂತ."

ಒಂದು ವರ್ಷ ನಾನು ಎಂಥದ್ದನ್ನು ಹೊತ್ತುಕೊಂಡು ತಿರುಗಿದ್ದು, ಈ ಮನುಷ್ಯ ಅದನ್ನು ಎಂಥದ್ದು ಮಾಡಿಕೊಂಡಿದ್ದ. ನಾನು ಅವನ ಎದುರು ಅತ್ತೆ. ನಾಚಿಕೆಯಾಗಲಿಲ್ಲ.

ಜನವರಿ 7, ಮಂಗಳವಾರ

ವಿಕಾಸನ ತಪ್ಪನ್ನೂ ಸೇರಿಸಿ ಊದುವುದು ಎಂದು ಬ್ಯಾಂಡಿನವರಿಗೆ ಹೇಳಿದೆ. ಇಡೀ ಬ್ಯಾಂಡ್, ಅಲ್ಲಿ ತಡವರಿಸಿ, ನಿಂತು, ಒಂದು ಉಸಿರು ಬಿಟ್ಟು, ಎರಡು ಬಾರು ಹಿಂದಿನಿಂದ.

ಲಿಯೋನೆಲ್ ಎದ್ದು ನಿಂತ. "ಬೇಕಂತಲೇ ತಪ್ಪುವುದಾ? ಎದುರು ಮಿಲಿಟ್ರಿಯವರು ಕೂತಿರುತ್ತಾರೆ. ಇಡೀ ತಾಲೂಕಿನವರು ಮೊಬೈಲ್ ಹಿಡಿದಿರುತ್ತಾರೆ. ವ್ಯಾಲೆಂಟೈನ್ ಮಾಸ್ತರನ ಬ್ಯಾಂಡಿಗೆ ಊದಲು ಬರುವುದಿಲ್ಲ ಅಂತ ಹೇಳುತ್ತಾರೆ, ಗೊತ್ತುಂಟಲ್ಲ?"

"ಹೇಳಲಿ."

"ನೀನಾ ಇದು ಹೇಳುವುದು?" ಎಂದು ನನ್ನನ್ನೇ ನೋಡಿದ. ಅವನಿಗೆ ಎಂತ ಆಶ್ಚರ್ಯವೋ ತಿಳಿಯಲಿಲ್ಲ.

ಜನವರಿ 12, ಭಾನುವಾರ

ಸರಿಯಾಗಿ ಊದುವುದು ಸುಲಭ. ಹದಿನಾರು ಮಂದಿ ಒಟ್ಟಿಗೆ, ಒಂದೇ ಕಡೆ, ಒಂದೇ ರೀತಿ ತಪ್ಪುವುದು ಎಷ್ಟು ಕಷ್ಟವೆಂದು ಈ ವಾರ ತಿಳಿಯಿತು. ಒಬ್ಬ ಮೊದಲೇ ನಿಲ್ಲುತ್ತಾನೆ, ಒಬ್ಬ ಅಭ್ಯಾಸಬಲದಿಂದ ಮುಂದೆ ಓಡುತ್ತಾನೆ. ಯುಫೋನಿಯಂ ಊದುವ ಡೀನ್‌ಗೆ ನಗು ತಡೆಯದು. ಲಿಯೋನೆಲ್ ಬೈಯುತ್ತಲೇ ಎಲ್ಲರಿಗಿಂತ ಚೆನ್ನಾಗಿ ನಿಲ್ಲುತ್ತಾನೆ.

ಶರೋನ್ ಫಸ್ಟನ್ನು ನನ್ನ ಹಾಗೆ ಊದುವುದಿಲ್ಲ. ಅವಳು ಸೆಕೆಂಡಿಗೆ ಜಾಗ ಬಿಡುತ್ತಾಳೆ. ಇದನ್ನು ಅವಳಿಗೆ ಹೇಳಬೇಕು.

ಜನವರಿ 19, ಭಾನುವಾರ

ಮಧ್ಯಾಹ್ನದ ಊಟ ಬಿಟ್ಟು ಬರೆಯಲು ಕೂತಿದ್ದೇನೆ. ಬರ್ತಾ ಎರಡು ಸಲ ಕರೆದಳು.

ಬೆಳಿಗ್ಗೆ ಹತ್ತೂವರೆ, ಬಿಸಿಲು ಆಗಲೇ ಸುಡುತ್ತಿತ್ತು. ಚರ್ಚ್ ತಿರುವಿನಲ್ಲಿ ಕಾಲಿಡಲು ಜಾಗವಿಲ್ಲ. ನಿವೃತ್ತ ಸೈನಿಕರು ಪದಕ ಹಾಕಿ ಸಾಲಾಗಿ ಕೂತಿದ್ದರು, ಯೂನಿಫಾರ್ಮಿನ ಒಬ್ಬ ಅಧಿಕಾರಿ, ಶಾಲೆಯ ಮಕ್ಕಳು. ಮನೋರಮಕ್ಕ ಮೊದಲ ಸಾಲಿನಲ್ಲಿ, ಕೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಆ ಕೈ ಸುಮ್ಮನಿದ್ದದ್ದನ್ನು ನಾನು ಮೊದಲ ಸಲ ನೋಡಿದ್ದು. ಆ ದಾರಿಯ ಬಸ್ಸುಗಳೆಲ್ಲ ನಿಂತಿದ್ದವು. ಟೈಮಿಂಗ್ ತಪ್ಪಿದರೆ ಪರಸ್ಪರ ಹೊಡೆದಾಡುವ ಎಕ್ಸ್‌ಪ್ರೆಸ್ಸಿನ ಡ್ರೈವರುಗಳು ಒಬ್ಬೊಬ್ಬರಾಗಿ ಇಂಜಿನ್ ಆಫ್ ಮಾಡಿ ಕೆಳಗಿಳಿದರು. ಯಾರೂ ಹೇಳಿರಲಿಲ್ಲ. ನಮ್ಮ ಅಣ್ಣುವಿನ ಮಗ ಎಂದು ಇಳಿದದ್ದು. ಆ ರಸ್ತೆ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿಲ್ಲ.

ಊದಿದೆವು. ಎಂಟನೇ ಬಾರಿನಲ್ಲಿ ನಾನು ಸೇರಿದೆ. ಮನೋರಮಕ್ಕನ ತಲೆ ಮೇಲೆದ್ದಿತು. ಎಲ್ಲರೂ ಶರೋನಳನ್ನು ನೋಡುತ್ತಿದ್ದರು, ಅವರೊಬ್ಬರು ನನ್ನನ್ನು ನೋಡಿದರು. ಮಡಿಲಿನಲ್ಲಿ ಬೆರಳು ನಿಧಾನವಾಗಿ ಸುತ್ತತೊಡಗಿತು, ಎಲೆ ಇಲ್ಲ, ತಂಬಾಕು ಇಲ್ಲ. ನನಗೆ ಮೌನ ಇದ್ದಲ್ಲಿ ಅವರ ತುಟಿಯೂ ಮುಚ್ಚಿತ್ತು.

ಮೂರನೆಯ ಭಾಗ. ಎರಡನೇ ಬಾರು. ಜಿಗಿತ.

ತಪ್ಪಿದೆವು. ಹದಿನಾರು ಮಂದಿ ಒಟ್ಟಿಗೆ ತಪ್ಪಿ ಒಟ್ಟಿಗೆ ನಿಂತೆವು. ಜನ ಗಾಬರಿಯಿಂದ "ಅಯ್ಯೋ" ಎಂದದ್ದು ಕೇಳಿತು. ಅಧಿಕಾರಿ ನೆಲ ನೋಡಿದರು. ಪಾಪ, ನಮ್ಮ ಮಾನ ಉಳಿಸಲು.

ಆ ಒಂದು ಉಸಿರಿನ ಹೊತ್ತಿನಲ್ಲಿ, ಅಷ್ಟು ದೊಡ್ಡ ಮೌನದ ನಡುವೆ, ಮನೋರಮಕ್ಕ ನಕ್ಕರು. ಬಾಯಿಗೆ ಸೆರಗು ಒತ್ತಿಕೊಂಡರೂ ತಡೆಯಲಿಲ್ಲ, ಗಟ್ಟಿಯಾಗಿ, ಮನೆಯೊಳಗೆ ನಗುವ ಹಾಗೆ. ಪಕ್ಕದಲ್ಲಿ ಅಣ್ಣುವಿನ ಕೈ ಹಿಡಿದು, "ಕೇಳಿದಿರಾ? ಬಂದ" ಎಂದರು.

ನಾವು ಎರಡು ಬಾರು ಹಿಂದಿನಿಂದ ಹಿಡಿದೆವು. ಈ ಸಲ ಜಿಗಿತ ಬಂತು. ನನ್ನ ಹಲ್ಲಿನಿಂದ ಅದು ಬರಲು ಸಾಧ್ಯವಿರಲಿಲ್ಲ. ಬಂತು.

ಜನವರಿ 20, ಸೋಮವಾರ

ಮಣಿಪಾಲ. ಹಲ್ಲು ಹೋಯಿತು. ಕೃತಕ ಹಲ್ಲು ಕೂರಿಸಿ ಊದುವಂತಾಗಲು ಆರು ತಿಂಗಳು ಎಂದರು ಡಾಕ್ಟರಮ್ಮ. ಆಗಲಿ.

ಬರುವಾಗ ಬಸ್ಸಿನಲ್ಲಿ ಊರಿನ ವಾಟ್ಸಾಪ್ ಗುಂಪು ನೋಡಿದೆ. "ಬ್ಯಾಂಡಿನವರು ನಡುವೆ ಪೂರ್ತಿ ತಪ್ಪಿದರು, ಮಾಸ್ತರಿಗೆ ವಯಸ್ಸಾಯಿತು" ಎಂದು ಯಾರೋ ಹಾಕಿದ್ದಾರೆ, ಕೆಳಗೆ ಇಪ್ಪತ್ತು ಜನ ಹೌದೆಂದಿದ್ದಾರೆ. ಲಿಯೋನೆಲ್ ಫೋನ್ ಮಾಡಿ, ನಿಜ ಏನೆಂದು ಹಾಕುತ್ತೇನೆ ಎಂದು ಕುದಿಯುತ್ತಿದ್ದ. ಬೇಡ ಎಂದೆ. ಬಾಯಿಯಲ್ಲಿ ಹತ್ತಿ ಇತ್ತು, ಹೆಚ್ಚು ಮಾತಾಡಲಾಗಲಿಲ್ಲ.

ಜನವರಿ 26, ಭಾನುವಾರ

ರಿಹರ್ಸಲ್. ಕುರ್ಚಿಯ ವರ್ಷ ಮುಗಿದಿದೆ. ಯಾರು ಕೂರುವುದೆಂದು ಶರೋನ್ ಕೇಳುವಷ್ಟರಲ್ಲಿ ನಾನು ಕೂತಾಗಿತ್ತು. ಅವನ ಟ್ರಂಪೆಟನ್ನು ತೊಡೆಯ ಮೇಲಿಟ್ಟುಕೊಂಡೆ. ಊದುವಂತಿಲ್ಲವಲ್ಲ, ಮನೋರಮಕ್ಕನ ಹಾಗೆ ಬಾಯಿಯಲ್ಲೇ "ತೂ ತು ತು" ಎಂದು ಸೆಕೆಂಡ್ ಹೇಳಿದೆ. ಹಲ್ಲಿಲ್ಲದ ಕಡೆ ಗಾಳಿ ಸೋರುತ್ತಿತ್ತು. ಡೀನ್ ಮಾಮೂಲಿನಂತೆ ನಕ್ಕ.

ಮುಂದಿನ ವಾರ ಒಂದು ಚರ್ಚಿನ ಹಬ್ಬಕ್ಕೆ ಇದೇ ಮಾರ್ಚ್ ಊದಬೇಕು. ಅಲ್ಲಿ ತಪ್ಪು ಬೇಕೋ ಬೇಡವೋ ಎಂಬ ಮಾತು ನಾವು ಆಡಿರಲೇ ಇಲ್ಲ. ಮೂರನೆಯ ಭಾಗ ಬಂತು, ಎರಡನೇ ಬಾರು ಬಂತು. ನಾನು ಯಾರಿಗೂ ತಪ್ಪಿ ಎಂದಾಗಲಿ ನಿಲ್ಲಿಸಿ ಎಂದಾಗಲಿ ಹೇಳಲಿಲ್ಲ.

ಎಲ್ಲರೂ ನಿಂತರು.